ವರಾಛಾದಲ್ಲಿ ಕಳೆದುಹೋದ ಹರಳು

ಬೆಳಿಗ್ಗೆ ಆರೂಕಾಲಿಗೆ ಅಹಮದಾಬಾದ್ ಸ್ಟೇಷನ್ನಿನಲ್ಲಿ ಟೀಚರ್ ನಯನಾಬೆನ್ ಹದಿನೆಂಟು ತಲೆ ಎಣಿಸಿ, ನೀವೂ ಒಮ್ಮೆ ಎಣಿಸಿ ಎಂದು ನನಗೆ ಹೇಳಿದರು. ನನ್ನ ಲೆಕ್ಕಕ್ಕೆ ಹತ್ತೊಂಬತ್ತು ಬಂತು. ಟೀಚರಮ್ಮನನ್ನೂ ಮಕ್ಕಳ ಜೊತೆ ಎಣಿಸಿಬಿಟ್ಟಿದ್ದೆ. ಅವರು ಅಷ್ಟು ಕುಳ್ಳಗಿದ್ದಾರೆ. ಅವರು ನಕ್ಕರು, ನಾನು ನಗಲಿಲ್ಲ. ಬೇರೆಯವರ ಹದಿನೇಳು ಮಕ್ಕಳನ್ನು ಎರಡು ದಿನ ಜೋಪಾನ ಮಾಡುವ ಕೆಲಸಕ್ಕೆ ಒಪ್ಪಿಕೊಂಡಿದ್ದೆ; ಮತ್ತೊಮ್ಮೆ ಎಣಿಸಿದೆ. ಹದಿನೆಂಟನೆಯವಳು ನನ್ನ ಮಗಳು ಸಿಂಚನಾ.

ನಮ್ಮದು ಧಾರವಾಡ. ಯಜಮಾನರ ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಎರಡು ವರ್ಷದ ಹಿಂದೆ ಅಹಮದಾಬಾದಿಗೆ ಬಂದೆವು. ಮಗಳನ್ನು ಸೇರಿಸಿದ್ದು ವಟ್ವಾ ರಸ್ತೆಯ ಒಂದು ಪುಟ್ಟ ಶಾಲೆಗೆ. ಅಲ್ಲಿ ಐದನೇ ತರಗತಿಯವರು ಈ ಅವಧಿಯಲ್ಲಿ ತಿಂಗಳಿಗೊಂದು ಸಲ ಯಾರಾದರೊಬ್ಬರ ಅಪ್ಪನೋ ಅಮ್ಮನೋ ದುಡಿಯುವ ಜಾಗಕ್ಕೆ ಹೋಗಿ, ಕಂಡದ್ದನ್ನು ಚಿತ್ರ ಸಮೇತ ಬರೆದು, ಭಾನುವಾರ ಸುತ್ತಲಿನ ವಠಾರಗಳಲ್ಲಿ ಓದಿ ಹೇಳಬೇಕು. ನರೋಡಾದ ಲೇತ್ ಶೆಡ್ಡು, ವಟ್ವಾದ ಬಣ್ಣದ ಕಾರ್ಖಾನೆ, ಹಪ್ಪಳ ಲಟ್ಟಿಸುವವರ ಮನೆ ಎಲ್ಲ ಮುಗಿದಿತ್ತು. ಕೊನೆಯದು ಸೂರತ್. ಹೇತಲ್ ಎಂಬ ಹುಡುಗಿಯ ಅಪ್ಪ ಭರತಭಾಯ್ ಅಲ್ಲಿಯ ವರಾಛಾದಲ್ಲಿ ವಜ್ರಕ್ಕೆ ಮೆರುಗು ಕೊಡುವ ಕಾರೀಗರ. ಹೇತಲ್ ಇಲ್ಲಿ ಅಜ್ಜಿಯ ಜೊತೆ ಇರುತ್ತಾಳೆ, ಅಪ್ಪನನ್ನು ದೀಪಾವಳಿಯ ನಂತರ ನೋಡಿರಲಿಲ್ಲ.

ಟಿಕೆಟ್ಟು ವಡೋದರದವರೆಗೆ ಒಂದು, ಅಲ್ಲಿಂದ ಸೂರತ್ತಿಗೆ ಇನ್ನೊಂದು. ಕಾಯ್ದಿರಿಸಿದ ಸೀಟಾದ್ದರಿಂದ ಮಕ್ಕಳಿಗೂ ಪೂರ್ತಿ ದರವೇ. ವಡೋದರ ನೂರು ಕಿಲೋಮೀಟರು, ಎರಡು ಗಂಟೆಯ ದಾರಿ. ಜನವರಿಯ ಚಳಿಗೆ ಕಿಟಕಿ ಮುಚ್ಚಿ ಕೂತೆವು. ಹೇತಲ್ ನನ್ನ ಪಕ್ಕದಲ್ಲಿದ್ದಳು. ದಾರಿಯುದ್ದಕ್ಕೂ ಆಕೆಯದು ಒಂದೇ ಮಾತು: ಪಪ್ಪಾ ಫೋನಿನಲ್ಲಿ ಮಾತು ಕೊಟ್ಟಿದ್ದಾರಂತೆ, ಒಂದು ನಿಜವಾದ ಹೀರಾ ಅವಳ ಅಂಗೈ ಮೇಲೆ ಇಡುತ್ತಾರಂತೆ.

ವಡೋದರದಲ್ಲಿ ನಮ್ಮನ್ನು ಕರೆದಿದ್ದ ಶಾಲೆಯ ಮಕ್ಕಳ ಜೊತೆ ಒಂದು ಉದ್ಯಾನದಲ್ಲಿ ಕೆಲಸ. ಸಂಕ್ರಾಂತಿಯ ಗಾಳಿಪಟದ ಹಬ್ಬ ಮುಗಿದು ವಾರವಾಗಿತ್ತು, ಮರಗಳ ತುಂಬ ಗಾಜುಪುಡಿ ಸವರಿದ ದಾರ. ಹಕ್ಕಿಗಳ ರೆಕ್ಕೆ ಕುಯ್ಯುವುದು ಈ ದಾರವೇ. ಉದ್ದನೆಯ ಬಿದಿರಿಗೆ ಕೊಕ್ಕೆ ಕಟ್ಟಿ ದೊಡ್ಡವರು ಎಳೆಯುವುದು, ಮಕ್ಕಳು ಕೈಗವಸು ಹಾಕಿಕೊಂಡು ಉಂಡೆ ಸುತ್ತಿ ಚೀಲಕ್ಕೆ ತುಂಬುವುದು. ಎರಡು ಗಂಟೆಯಲ್ಲಿ ಮೂರು ಚೀಲ ತುಂಬಿತು. ಒಬ್ಬ ಹುಡುಗ ಗವಸು ತೆಗೆದು ಬೆರಳು ಕುಯ್ದುಕೊಂಡ; ನಾನು ಅವನಿಗಿಂತ ಹೆಚ್ಚು ಬೆದರಿದೆ. ಮಧ್ಯಾಹ್ನ ಖಾರದ ಬಟಾಣಿ ಸಾರಿಗೆ ಸೇವು ಉದುರಿಸಿದ ಸೇವ್ ಉಸಳ್ ತಿಂದೆವು. ನಮ್ಮ ಉತ್ತರ ಕರ್ನಾಟಕದ ಖಾರ ತಿಂದು ಬೆಳೆದವಳು ನಾನು, ಆದರೂ ಮೂಗಿನಲ್ಲಿ ನೀರು ಬಂತು. ಆ ರಾತ್ರಿ ಧರ್ಮಶಾಲೆಯೊಂದರಲ್ಲಿ ಮಲಗಿದೆವು.

ಮರುದಿನ ಹನ್ನೊಂದಕ್ಕೆ ಸೂರತ್. ಅಲ್ಲಿ ಚಳಿ ಹೆಸರಿಗೂ ಇರಲಿಲ್ಲ. ಸ್ಟೇಷನ್ನಿನ ಹೊರಗೆ ಬಿಸಿ ಲೋಚೋ ತಿಂದೆವು. ಹಬೆಯಲ್ಲಿ ಬೆಂದ ಕಡಲೆಬೇಳೆಯ ಹಿಟ್ಟು, ಇಡ್ಲಿ ಆಗಲು ಹೋಗಿ ಮಧ್ಯದಲ್ಲೇ ಮನಸ್ಸು ಬದಲಿಸಿದ ಹಾಗಿರುತ್ತದೆ, ರುಚಿ ಮಾತ್ರ ಭರ್ಜರಿ. ಐದು ರಿಕ್ಷಾಗಳಲ್ಲಿ ವರಾಛಾ ತಲುಪಿದೆವು. ಸಂಜೆ ನಾಲ್ಕೂವರೆಯ ರೈಲಿಗೆ ವಾಪಸು ಟಿಕೆಟ್ಟಿತ್ತು.

ಕಾರ್ಖಾನೆ ಮೂರನೇ ಮಹಡಿಯಲ್ಲಿ. ಬಾಗಿಲಲ್ಲೇ ಮ್ಯಾನೇಜರ್ ಮನ್ಸುಖಭಾಯ್ ನಿಂತಿದ್ದರು. ಚಪ್ಪಲಿ, ಬೂಟು, ಚೀಲ ಹೊರಗಿಡಿಸಿ, ಒಂದೇ ಒಂದು ನಿಯಮ ಹೇಳಿದರು. ಹರಳು ಕಾಗದದ ಮೇಲಿರಬೇಕು ಅಥವಾ ಚಿಮಟದಲ್ಲಿರಬೇಕು, ಮೇಜಿನ ಹೊರಗೆ ಬರಬಾರದು, ಯಾರ ಕೈಗೂ ಹೋಗಬಾರದು. ಇದನ್ನು ಅವರು ಗದರಿ ಹೇಳಲಿಲ್ಲ. ಭರತಭಾಯ್ ಆರು ತಿಂಗಳಿಂದ ಬೆನ್ನು ಹತ್ತಿ ಈ ಭೇಟಿಗೆ ಒಪ್ಪಿಗೆ ಪಡೆದಿದ್ದಾನೆ, ಅವನ ಮಾತಿನ ಮೇಲೆ ನಿಮ್ಮನ್ನು ಒಳಗೆ ಬಿಡುತ್ತಿದ್ದೇನೆ ಎಂದರು.

ಒಳಗೆ ಉದ್ದನೆಯ ಹಾಲು, ಕಿಟಕಿಯ ಗಾಜುಗಳೆಲ್ಲ ಮುಚ್ಚಿದ್ದವು. ಹರಳು ಉಜ್ಜುವ ತಿರುಗು ಚಕ್ರದ ಮೇಜಿಗೆ ಅಲ್ಲಿ ಘಂಟಿ ಎನ್ನುತ್ತಾರೆ, ಬೀಸುಕಲ್ಲಿಗೂ ಗುಜರಾತಿಯಲ್ಲಿ ಅದೇ ಹೆಸರು. ಒಂದೊಂದು ಘಂಟಿಯ ಸುತ್ತ ನಾಲ್ಕು ಜನ. ಭರತಭಾಯ್ ತೆಳ್ಳನೆಯ ಮನುಷ್ಯ, ಮಗಳನ್ನು ಕಂಡು ಏಳಲೂ ಇಲ್ಲ, ಕೂತಲ್ಲೇ ನಕ್ಕರು. ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡ ಹರಳನ್ನು ಚಕ್ರಕ್ಕೆ ತಾಗಿಸಿ, ಎತ್ತಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ತಾಗಿಸುತ್ತಿದ್ದರು. ಹೇತಲ್ ಉಸಿರು ಬಿಗಿಹಿಡಿದು ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಮನ್ಸುಖಭಾಯ್ ಎಲ್ಲರನ್ನೂ ತೂಕದ ಯಂತ್ರ ತೋರಿಸಲು ಹಾಲಿನ ಆ ತುದಿಗೆ ಕರೆದುಕೊಂಡು ಹೋದರು. ನಾನು ನೀರು ಕುಡಿಯಲು ಹಿಂದೆ ಉಳಿದೆ, ಹೇತಲ್ ಅಪ್ಪನ ಬಳಿಯೇ ನಿಂತಳು; ಉಳಿದ ಕಾರೀಗರರ ಕಣ್ಣು ಚಕ್ರದ ಮೇಲಿತ್ತು. ಆಗ ನೋಡಿದೆ. ಭರತಭಾಯ್ ಅತ್ತಿತ್ತ ಕಣ್ಣಾಡಿಸಿ, ಕಾಗದದ ಪೊಟ್ಟಣವನ್ನೂ ಚಿಮಟವನ್ನೂ ಹಿಡಿದು ಮಗಳನ್ನು ಕಿಟಕಿಯ ಬಳಿ ಕರೆದೊಯ್ದು, ಹರಳನ್ನು ಅವಳ ಅಂಗೈ ಮೇಲೆ ಇಟ್ಟರು. ಬಿಸಿಲು ಅದರ ಮೇಲೆ ಬಿತ್ತು. ಅವರಿಬ್ಬರ ಮುಖ ನೋಡಿ ನನಗೇ ಕಣ್ಣು ತುಂಬಿ ಬಂತು. ಆ ತುದಿಯಿಂದ ಮನ್ಸುಖಭಾಯ್ "ಭರತ್" ಎಂದು ಕೂಗಿದರು. ಇವರು ಬೆಚ್ಚಿ, ಮಗಳ ಕೈಯನ್ನು ಕಾಗದಕ್ಕೆ ಬಗ್ಗಿಸಿ, ಕಾಗದ ಮಡಚಿ ಜೇಬಿಗಿಳಿಸಿ ಹೊರಟೇಬಿಟ್ಟರು. ಹೇತಲ್ ತಿರುಗಿದಾಗ ನನ್ನ ಕಣ್ಣಿಗೆ ಅವಳ ಕಣ್ಣು ಸೇರಿತು. ನಾವಿಬ್ಬರೂ ನಕ್ಕೆವು.

ಹತ್ತು ನಿಮಿಷದ ಮೇಲೆ ಭರತಭಾಯ್ ಘಂಟಿಗೆ ಮರಳಿ ಕಾಗದ ಬಿಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಅವರು ಎರಡೂ ಕೈ ಮೇಲೆತ್ತಿ ನಿಂತರು. ಅಷ್ಟೇ ಸಾಕಾಯಿತು, ಪಕ್ಕದವನು ಸ್ವಿಚ್ಚು ಆರಿಸಿದ, ಒಂದೊಂದಾಗಿ ಎಲ್ಲ ಚಕ್ರಗಳೂ ನಿಂತವು. ಹರಳು ಬಿದ್ದರೆ ಅಲ್ಲಿಯ ಪದ್ಧತಿ ಅದು: ಇದ್ದವರು ಇದ್ದಲ್ಲೇ ನಿಲ್ಲಬೇಕು, ಹೆಜ್ಜೆ ಎತ್ತಬಾರದು, ಬಟ್ಟೆ ಕೊಡವಬಾರದು, ಸಿಗುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ.

ಎಲ್ಲಿ ಹೋಯಿತು ಎಂದು ಮನ್ಸುಖಭಾಯ್ ಕೇಳಿದರು.

"ಚಕ್ರದಿಂದ ಸಿಡಿದಿರಬೇಕು, ಸಾಹೇಬ್," ಎಂದರು ಭರತಭಾಯ್.

ದೀಪ ಆರಿಸಿದರು. ಟಾರ್ಚನ್ನು ನೆಲಕ್ಕೆ ತಾಗಿಸಿ ಇಟ್ಟು, ಬೆಳಕು ನೆಲದುದ್ದಕ್ಕೂ ಹಾಯುವಂತೆ ಮಾಡಿ, ಇಬ್ಬರು ಹೊಟ್ಟೆಯ ಮೇಲೆ ಮಲಗಿ ನೋಡಿದರು. ಮೆತ್ತನೆಯ ಕುಂಚದಿಂದ ಘಂಟಿಯ ಸುತ್ತ ಗುಡಿಸಿ, ದೂಳನ್ನು ಜರಡಿ ಹಿಡಿದರು. ಮೂರು ಸಲ. ಕಿಟಕಿ ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರ, ಆ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಭರತಭಾಯ್ ಮಾತ್ರ ಒಮ್ಮೆ ನೋಡಿ ತಲೆ ತಗ್ಗಿಸಿದರು.

ಮನೆಯಲ್ಲಿ ನಾನು ಬಾಯಾಳಿ ಎಂದೇ ಪ್ರಸಿದ್ಧಳು. ತರಕಾರಿಯವನ ತಕ್ಕಡಿಯಿಂದ ಹಿಡಿದು ಸೊಸೈಟಿಯ ಕಾರ್ಯದರ್ಶಿಯವರೆಗೆ ಯಾರನ್ನೂ ಬಿಟ್ಟವಳಲ್ಲ. ಅಂಥವಳು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹೇಳಿದರೆ ಆ ಮನುಷ್ಯನ ಕೆಲಸ ಹೋದೀತು. ಹೇಳದಿದ್ದರೂ ಹೋದೀತು, ಆದರೆ ನನ್ನ ಬಾಯಿಂದ ಅಲ್ಲ. ಈ ಲೆಕ್ಕಾಚಾರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ಗಂಟೆಯಾಯಿತು. ಮಕ್ಕಳನ್ನು ತಪಾಸಣೆ ಮಾಡದೆ ವಿಧಿಯಿಲ್ಲ ಎಂದರು ಮನ್ಸುಖಭಾಯ್. ಅದು ಆಗದ ಮಾತು, ಇವರು ನನ್ನನ್ನು ನಂಬಿ ಬಂದ ಮಕ್ಕಳು ಎಂದರು ನಯನಾಬೆನ್. ನಿಮ್ಮ ಮಕ್ಕಳು ಕದ್ದರು ಎನ್ನುತ್ತಿಲ್ಲ, ಬಟ್ಟೆಗೆ ಅಂಟಿರಬಹುದು, ನಮ್ಮ ಕೆಲಸಗಾರರನ್ನೂ ಹೀಗೇ ತಪಾಸಣೆ ಮಾಡುತ್ತೇವೆ ಎಂದು ಮನ್ಸುಖಭಾಯ್ ತಾಳ್ಮೆಯಿಂದಲೇ ಹೇಳಿದರು. ಕೊನೆಗೆ ನಯನಾಬೆನ್ ಮೊದಲು ತಮ್ಮ ಜಡೆಯನ್ನೇ ಬಿಚ್ಚಿದರು. ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಿಳಿ ಬಟ್ಟೆ ಹಾಸಿ, ಒಬ್ಬೊಬ್ಬರನ್ನೇ ಅದರ ಮೇಲೆ ನಿಲ್ಲಿಸಿ, ಕಾಲುಚೀಲ ತಿರುವಿ, ಕೂದಲು ಬಾಚತೊಡಗಿದಳು. ಒಂದು ಮಗುವೂ ತಮಾಷೆ ಮಾಡಲಿಲ್ಲ. ಎರಡು ಮೂರು ಮಕ್ಕಳು ಸದ್ದಿಲ್ಲದೆ ಅಳುತ್ತಿದ್ದರು.

ಹೇತಲಳ ಪಕ್ಕದಲ್ಲಿದ್ದ ಸಿಂಚನಾ ಕತ್ತು ಹೊರಳಿಸಿ ಪಿಸುಗುಟ್ಟಿದಳು. "ಮಮ್ಮಿ, ಹೇತಲ್‌ದು ಕೈ ಏಕದಂ ಠಂಡಾ ಆಗ್ಯದ."

"ಸುಮ್ನ ನಿಂದ್ರು," ಎಂದೆ. ಅದಕ್ಕಷ್ಟೇ ನನ್ನ ಬಾಯಿ ಬಂತು.

ಹೇತಲ್ ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ಮಕ್ಕಳ ತಪಾಸಣೆ ಮುಗಿದಿತ್ತು. ಹನ್ನೆರಡನೆಯ ಹುಡುಗಿ ಬಿಳಿ ಬಟ್ಟೆಯ ಮೇಲೆ ಹೋಗಿ ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದಾಗ ಹೇತಲ್ ಬಾಯಿಬಿಟ್ಟಳು.

"ಅದು ಅಲ್ಲಿಲ್ಲ. ನನ್ನ ಕೈಲಿತ್ತು. ಪಪ್ಪಾ ಆ ಕಿಟಕಿ ಹತ್ರ ತೋರಿಸಿದ್ರು."

ಭರತಭಾಯ್ ಸ್ಟೂಲಿನ ಮೇಲೆ ಕುಸಿದರು. ಟಾರ್ಚು ಕಿಟಕಿಗೆ ಹೋಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಗಾಜು ಸರಿಯುವ ಅಲ್ಯುಮಿನಿಯಂ ಪಟ್ಟಿಯ ಸಂದಿನಲ್ಲಿ, ದೂಳಿನ ನಡುವೆ ಹರಳು ಮಿಣುಕುತ್ತಿತ್ತು. ಮನ್ಸುಖಭಾಯ್ ಅದನ್ನು ಚಿಮಟದಿಂದೆತ್ತಿ, ತೂಕ ಮಾಡಿ, ಕಾಗದಕ್ಕೆ ಹಾಕಿದರು. ಮಕ್ಕಳ ಮುಂದೆ ಕೈಮುಗಿದು, ತೊಂದರೆಯಾಯಿತು ಎಂದರು. ಭರತಭಾಯ್‌ಗೆ ಹೇಳಿದ್ದು ಇಷ್ಟೇ: ಇವರು ಹೋದ ಮೇಲೆ ನನ್ನ ಕೋಣೆಗೆ ಬಾ. ಮೆಟ್ಟಿಲಿಳಿಯುವಾಗ ಅಪ್ಪ ಮಗಳ ತಲೆ ಸವರಿದರು. ಅವಳು ತಲೆ ಎತ್ತಲಿಲ್ಲ.

ಓಡೋಡಿ ರೈಲು ಹಿಡಿದೆವು. ಅಹಮದಾಬಾದಿಗೆ ನಾಲ್ಕು ಗಂಟೆಯ ದಾರಿ. ಬೇರೆ ದಿನವಾಗಿದ್ದರೆ ಅಂತ್ಯಾಕ್ಷರಿ ಆಡಿ ಬೋಗಿಯವರ ತಲೆ ತಿನ್ನುತ್ತಿದ್ದ ಮಕ್ಕಳು ಬಿಸ್ಕತ್ತನ್ನೂ ಸದ್ದಿಲ್ಲದೆ ತಿಂದವು. ನರ್ಮದೆಯ ಸೇತುವೆ ದಾಟಿತು, ಭರೂಚ್ ದಾಟಿತು. ಹೇತಲ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಕೊಟ್ಟ ತಿಂಡಿ ಮಡಿಲಲ್ಲೇ ಇತ್ತು.

ವಡೋದರ ಬಿಟ್ಟ ಮೇಲೆ ನಯನಾಬೆನ್ ಫೋನಿಗೆ ಭರತಭಾಯ್ ಕರೆ ಬಂತು. ಹೇತಲ್ ಬಹಳ ಹೊತ್ತು ಬರೀ ಹೂಂಗುಟ್ಟಿದಳು. ಫೋನು ಕೊಟ್ಟು ಬಂದು ನನ್ನ ಪಕ್ಕ ಕೂತು ವಿಷಯ ಹೇಳಿದಳು. ಕೆಲಸ ಹೋಗಿಲ್ಲ. ಒಂದು ತಿಂಗಳು ಘಂಟಿ ಮುಟ್ಟುವಂತಿಲ್ಲ, ಕಾಗದ ಮಡಚುವ ಮೇಜಿನಲ್ಲಿ ಕೂರಬೇಕು. ಹರಳು ಸಿಗದಿದ್ದರೆ ಇವತ್ತೇ ಹೊರಗೆ ಹಾಕುತ್ತಿದ್ದರಂತೆ. ಪಪ್ಪಾ ಬೈಯಲಿಲ್ಲವಂತೆ, ಅತ್ತರಂತೆ. ನನಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು. ಒಳ್ಳೆಯದಾಯಿತು, ನೀನು ಜಾಣೆ ಎಂದೆ.

ಅವಳು ಆ ಹೊಗಳಿಕೆಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಮಾಸಿ, ನೀವೂ ನೋಡಿದ್ರಲ್ಲ?"

ಮಾಸಿ ಎಂದರೆ ಅಮ್ಮನ ತಂಗಿ. ಶಾಲೆಯ ಮಕ್ಕಳೆಲ್ಲ ನನ್ನನ್ನು ಹಾಗೇ ಕರೆಯುತ್ತಾರೆ. ಹೂಂ, ನೋಡಿದೆ ಎಂದೆ.

"ನೀವು ಹೇಳ್ತೀರಿ ಅಂತ ಕಾಯ್ತಾ ಇದ್ದೆ. ನಾನೇ ಹೇಳಿದ್ರೆ ಪಪ್ಪಾ ಮೇಲೆ ದೂರು ಹೇಳಿದ ಹಾಗಾಗುತ್ತೆ ಅಲ್ವಾ? ಅದಕ್ಕೆ ನಿಮ್ಮನ್ನೇ ನೋಡ್ತಾ ಇದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಎದುರಿನ ಸೀಟಿನಲ್ಲಿ ಸಿಂಚನಾ ಎಚ್ಚರವಾಗಿ ನನ್ನನ್ನೇ ನೋಡುತ್ತಿದ್ದಳು. ನನಗೆ ಭಯವಾಗಿತ್ತು ಎಂದೆ ಇಬ್ಬರಿಗೂ ಕೇಳುವಂತೆ. ಹೇತಲ್ ತಲೆಯಾಡಿಸಿ, ಮಡಿಲಲ್ಲಿದ್ದ ಪೊಟ್ಟಣ ಬಿಚ್ಚಿ ತಿನ್ನತೊಡಗಿದಳು. ಆಣಂದ್, ನಡಿಯಾದ್ ಸ್ಟೇಷನ್ನುಗಳು ಬಂದು ಹೋದವು.

ಅಹಮದಾಬಾದಿನಲ್ಲಿ ತಂದೆತಾಯಿಯರು ಪ್ಲಾಟ್‌ಫಾರ್ಮಿನಲ್ಲೇ ಕಾದಿದ್ದರು. ನಯನಾಬೆನ್ ಎಣಿಸಿ ಒಬ್ಬೊಬ್ಬರನ್ನೇ ಒಪ್ಪಿಸಿದರು. ಹೇತಲಳ ಅಜ್ಜಿ ಶಾಲು ಹೊದ್ದು ಬೆಂಚಿನ ಮೇಲೆ ಕೂತಿದ್ದವರು ಮೊಮ್ಮಗಳನ್ನು ಎಳೆದು ಅಪ್ಪಿಕೊಂಡರು. ಮಗನ ಸಮಾಚಾರ ಕೇಳಿದರು. ಹೀರಾ ತೋರಿಸಿದನೇ, ಕೈಯಲ್ಲಿ ಇಟ್ಟನೇ, ಸೇಠ್ ಏನೂ ಅನ್ನಲಿಲ್ಲವೇ ಎಂದು ಒಂದರ ಮೇಲೊಂದು ಪ್ರಶ್ನೆ.

ಹೇತಲ್ ನನ್ನ ಮುಖ ನೋಡಿದಳು.

ನಾನು ಚೀಲ ಕೆಳಗಿಟ್ಟು ಆ ಅಜ್ಜಿಯ ಪಕ್ಕ ಕೂತೆ. ನನ್ನ ಹರಕು ಗುಜರಾತಿಯಲ್ಲಿ, ಕಿಟಕಿಯ ಬಳಿ ನಾನು ಕಂಡದ್ದರಿಂದಲೇ ಶುರು ಮಾಡಿದೆ.