ಎಡಗಂಕುಳಿನ ಗಂಟು

ಕೊರಿಯಾದ ಆಂದೋಂಗ್ ಪೇಟೆಯಲ್ಲಿ ಹೆಣದ ಬಟ್ಟೆ ಹೊಲಿಯುವವರಲ್ಲಿ ಟಾಕ್ ಮಾಲ್‌ಸುನ್‌ಳಷ್ಟು ಬಾಯಿ ಜೋರಿನವಳು ಇನ್ನೊಬ್ಬಳಿರಲಿಲ್ಲ. ನಲವತ್ತು ವರ್ಷದಿಂದ ಹೊಲಿಯುತ್ತಿದ್ದಳು, ದಾರಕ್ಕೆ ಒಂದೇ ಒಂದು ಗಂಟು ಹಾಕದೆ. ಗಂಟು ಬಿದ್ದರೆ ಸತ್ತವರ ಸಿಟ್ಟು ಸೆಡವು ಬಿಚ್ಚಿಕೊಳ್ಳದೆ ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಒಂದು ತೋಳಿಗೆ ಒಂದೇ ಎಳೆ. ಸಾಲದಿದ್ದರೆ ಬಿಚ್ಚಿ ಮೊದಲಿನಿಂದ.

ಅವಳಪ್ಪ ಹಳೆಯ ಕಾಲದ ಮೇಷ್ಟ್ರು, ಕನ್ಫ್ಯೂಷಿಯಸ್ಸನ ದಾರಿಯವರು. ನಾಲ್ಕು ಜನರೆದುರು ನೆಟ್ಟಗಿರುವುದು ದೊಡ್ಡದಲ್ಲ, ಒಬ್ಬರೇ ಇದ್ದಾಗ ತಮ್ಮನ್ನು ತಾವು ಕಾಯಬೇಕು ಎಂದು ಮಗಳ ತಲೆಗೆ ತುಂಬಿದ್ದರು. ನಮ್ಮಂಥವರು ಬಾಗಿಲು ಹಾಕಿಕೊಳ್ಳುವುದೇ ಮೈಮರೆಯಲಿಕ್ಕೆ. ಮಾಲ್‌ಸುನ್ ಒಬ್ಬಳೇ ಕೂತರೂ ಕಾಲು ಚಾಚುತ್ತಿರಲಿಲ್ಲ. ಚಾಚಿದವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ.

ಅದು ಅಧಿಕಮಾಸ. ಬದುಕಿರುವ ಹಿರಿಯರಿಗೆ ಹೆಣದ ಬಟ್ಟೆ ಮುಂಚೆಯೇ ಹೊಲಿಸಿಡುವ ತಿಂಗಳು, ಕೈತುಂಬ ಕೆಲಸ. ಅಂಗಡಿಯ ಯಜಮಾನ, ಅವಳ ಅಕ್ಕನ ಮಗ ಇಲ್‌ಗ್ಯು, ಮಿಷನ್ನಿನಲ್ಲಿ ಹೊಲಿಸಿದ ಬಟ್ಟೆಯೊಂದನ್ನು ತಂದು ಹರಡಿದ. ಅವಳು ಒಳಮಗ್ಗುಲು ತಿರುವಿದಳು.

"ಇದೇನೋ, ಎಳ್ಳು ಚೆಲ್ಲಿದಂಗೆ ಗಂಟು!"

"ಒಳಗಡೆ ಯಾರು ನೋಡ್ತಾರೆ ಚಿಕ್ಕಮ್ಮಾ? ಹೆಣ ಎದ್ದು ತಿರುವಿ ನೋಡುತ್ತಾ?"

"ಥೂ ನಿನ್ನ! ಬಾಯಿಲ್ಲದವರಿಗೆ ಮೋಸ ಮಾಡ್ತೀಯಲ್ಲೋ! ನಿನ್ನ ಮದುವೆ ಕೋಟೂ ಹಿಂಗೇ ಹೊಲಿಸ್ಕೊಂಡಿದ್ದೇನೋ? ಒಳಗಡೆ ಯಾರು ನೋಡ್ತಾರೆ ಅಂತ..."

ಬೈಗುಳ ಅಲ್ಲೇ ನಿಂತಿತು. ಆ ಮಾತು ಅವಳದ್ದೇ ಆಗಿತ್ತು. ಮೂರು ವಾರದ ಹಿಂದೆ ಹಿಂದಿನ ಕೋಣೆಯಲ್ಲಿ ಟೀವಿ ಧಾರಾವಾಹಿ ನೋಡುತ್ತ ಕ್ವಾಕ್ ಅಜ್ಜಿಯ ಬಟ್ಟೆ ಹೊಲಿಯುವಾಗ ಎಡಗಂಕುಳಲ್ಲಿ ದಾರ ಬೆರಳುದ್ದ ಸಾಲದೆ ಬಂದಿತ್ತು. ಯಾರು ನೋಡ್ತಾರೆ ಅಂದುಕೊಂಡು ಇನ್ನೊಂದೆಳೆ ಸೇರಿಸಿ ಗಂಟು ಬಿಗಿದಿದ್ದಳು.

ಚಪ್ಪಲಿ ಮೆಟ್ಟಿ ಓಡಿದಳು. ತೊಂಬತ್ತೊಂದರ ಕ್ವಾಕ್ ಅಜ್ಜಿ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಏನೇ, ನಾನು ಸತ್ತೆ ಅಂತ ಯಾರಾದ್ರೂ ಅಂದ್ರಾ?"

"ಸಂಜೆವರೆಗಾದ್ರೂ ಸಾಯ್ಬೇಡಿ ಅಜ್ಜಿ. ಆ ಬಟ್ಟೆ ಕೊಡಿ. ಕಂಕುಳಲ್ಲಿ ಗಂಟು ಹಾಕ್ಬಿಟ್ಟಿದೀನಿ."

"ಗಂಟಾ! ಅತ್ತೆ, ಓರಗಿತ್ತಿ, ಮೂರು ಜನ ಸೊಸೆಯಂದ್ರು, ಎಲ್ಲರ ಮೇಲಿನ ಸಿಟ್ಟೂ ಪಾಡುಪಟ್ಟು ಬಿಟ್ಟು ಕೂತಿದೀನಿ. ನೀನು ಅದನ್ನೆಲ್ಲ ಮತ್ತೆ ಕಟ್ಟಿ ಕಳಿಸ್ತಿದ್ಯಾ? ಮೇಷ್ಟ್ರ ಮಗಳಂತೆ! ಕೂತ್ಕೊ, ನನ್ನ ಕಣ್ಣೆದುರೇ ಬಿಚ್ಚು."

"ಅದು ಆಗಲ್ಲ. ನೀವು ಕಾವಲು ಕೂತ್ರೆ ನನ್ನನ್ನ ನಾನು ಕಾಯೋದೆಲ್ಲಿ? ಒಳಗಿನ ಕೋಣೆ ಕೊಡಿ."

"ತಪ್ಪು ಮಾಡಿದೋಳ ಕೊಬ್ಬು ನೋಡು!"

ಮಾಲ್‌ಸುನ್ ಬಾಗಿಲು ಹಾಕಿಕೊಂಡು ತೋಳು ಬಿಚ್ಚಿದಳು. ಮಣಿಕಟ್ಟಿನಿಂದ ಹೊಲಿಯುತ್ತ ಬಂದಳು. ಸಿಟ್ಟಿನಲ್ಲಿ ಅಳತೆ ತಪ್ಪಿತ್ತು. ಕಂಕುಳ ಹತ್ತಿರ ದಾರ ಮತ್ತೆ ಬೆರಳುದ್ದ ಕಡಿಮೆ.

"ಆಯ್ತೇನೇ? ನನಗೇನು ಎಳೇ ವಯಸ್ಸಾ ಕಾಯೋಕೆ?" ಅಜ್ಜಿ ಹೊರಗಿನಿಂದ ಕೂಗಿದಳು.

ಕೋಣೆಯಲ್ಲಿ ನರಪಿಳ್ಳೆಯಿಲ್ಲ. ಬೆರಳುಗಳು ತಾವಾಗಿಯೇ ಇನ್ನೊಂದು ಎಳೆ ಹುಡುಕುತ್ತಿದ್ದವು. ಮಾಲ್‌ಸುನ್ ನೋಡಿದಳು; ಉರಿದುಹೋದಳು.

"ನಾಚಿಕೆಗೆಟ್ಟ ಮುಂಡೇವಾ!"

"ಯಾರಿಗೇ ಅಂದಿದ್ದು?"

"ನಿಮಗಲ್ಲ, ಸುಮ್ನಿರಿ!" ಎಂದವಳೇ ತೋಳನ್ನು ಮಣಿಕಟ್ಟಿನವರೆಗೂ ಮತ್ತೆ ಬಿಚ್ಚಿ ಹಾಕಿದಳು.