ಗಂಧ ಮೆತ್ತಿದ ಕಿಂಡಿ

ಭಾನುವಾರ, ಬೆಳಿಗ್ಗೆ ಎಂಟು ಗಂಟೆ, ಲಗ್ಗೆರೆ. ಹಾಜರಿದ್ದವರು ಮೂವರು: ನಾನು, ನಾನು ಬಾಡಿಗೆಗಿರುವ ಮನೆಯ ಒಡತಿ, ಅವಳ ಅತ್ತೆ. ಅತ್ತೆ ಕಂಪ್ಯೂಟರಿನ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಕಂಪ್ಯೂಟರಿನ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬಿಳಿ ಅಕ್ಷರ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಫಾರ್ಮ್ಯಾಟ್ ಮಾಡಬೇಕು, ಒಳಗಿರುವುದೆಲ್ಲ ಹೋಗುತ್ತದೆ ಎಂದು ರಿಪೇರಿ ಅಂಗಡಿಯವನು ಹೇಳಿ ಕಳಿಸಿದ್ದ. ಒಳಗಿದ್ದದ್ದು ಅತ್ತೆ ಹಾಡಿದ ಸೋಬಾನೆ ಪದಗಳು, ಈ ಬೀದಿಗಳೆಲ್ಲ ರಾಗಿ ಹೊಲವಾಗಿದ್ದಾಗ ಅವರು ಕಲಿತವು. ಒಂದು ಬೇಸಿಗೆಯಿಡೀ ಪಕ್ಕದಲ್ಲಿ ಕೂತು ಒಡತಿ ಅವನ್ನು ರೆಕಾರ್ಡ್ ಮಾಡಿದ್ದಳು. ಆಮೇಲೆ ಅತ್ತೆಯ ಗಂಟಲಿಗೆ ಆಪರೇಷನ್ ಆಯಿತು. ಈಗ ಬರುವುದು ಪಿಸುಮಾತು ಮಾತ್ರ. ಬರುವ ಶುಕ್ರವಾರ ಮೊಮ್ಮಗಳ ಸೀಮಂತ.

ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ತುಂಬುವುದು ನನ್ನ ಕೆಲಸವಾಗಿತ್ತು. ಪೂರ್ತಿ ಓದದೆ ಯಾವ ಗುಂಡಿಯನ್ನೂ ಮುಟ್ಟಬಾರದೆಂಬುದು ಅಲ್ಲಿಯ ಕಟ್ಟಳೆ. ನಿವೃತ್ತಿಯಾದ ಮೇಲೂ ನಾನು ಅದನ್ನು ಬಿಟ್ಟಿಲ್ಲ. ಹಿಂದಿನ ದಿನವೇ ವಿಧಾನ ಓದಿಕೊಂಡು, ಬೇಕಾದದ್ದನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆ.

"ಬೂಟ್ ಆಗೋ ಪೆನ್‌ಡ್ರೈವ್ ಮಾಡ್ತೀನಿ. ಒಳಗಿನ ಡಿಸ್ಕ್ ಏಳದಿದ್ರೂ ಇದರಿಂದ ಕಂಪ್ಯೂಟರ್ ಏಳುತ್ತೆ. ಆಗ ಹಾಡು ಈಚೆಗೆ ತಗೋಬಹುದು" ಎಂದೆ.

"ಬೂಟು ಚಪ್ಲಿ ಎಲ್ಲಾ ಬಾಗ್ಲಲ್ಲೇ ಬಿಟ್ಬರ್ಬೇಕು" ಎಂದು ಅತ್ತೆ ಪಿಸುಗುಟ್ಟಿದರು. ದನಿ ಹೋಗಿತ್ತು, ನಾಲಿಗೆ ಹೋಗಿರಲಿಲ್ಲ.

ಇಳಿಸಿಕೊಂಡ ಫೈಲನ್ನು ಪೆನ್‌ಡ್ರೈವಿಗೆ ಬರಿದೇ ಕಾಪಿ ಮಾಡಿದರೆ ಪ್ರಯೋಜನವಿಲ್ಲ. ಕಂಪ್ಯೂಟರ್ ಅದನ್ನು ಹಿಡಿದು ಏಳುವ ಹಾಗೆ ಬರೆಯಲು ಬೇರೆಯೇ ಒಂದು ಸಾಫ್ಟ್‌ವೇರ್ ಬೇಕು. ಅದು ಪೆನ್‌ಡ್ರೈವಿನಲ್ಲಿದ್ದದ್ದನ್ನೆಲ್ಲ ಅಳಿಸಿಬಿಡುತ್ತದೆ. ಒಡತಿ ತಂದುಕೊಟ್ಟ ಪೆನ್‌ಡ್ರೈವನ್ನು ಹಿಡಿದು, ಇದರಲ್ಲಿ ಏನಿದೆ ಎಂದು ಅವಳನ್ನು ಕೇಳಿದೆ.

"ನಮ್ಮೆಜಮಾನ್ರು ಟಿಲ್ಲರ್ ತಗೊಂಡಾಗ ತೆಗ್ಸಿದ್ ಫೋಟೋ ಅಕ್ಕಾ. ಟಿಲ್ಲರೂ ಇಲ್ಲ, ಓಡ್ಸಕ್ಕೆ ಒಲಾನೂ ಇಲ್ಲ. ಅಳ್ಸಾಕಿ."

ಆದರೂ ಅವನ್ನು ಲ್ಯಾಪ್‌ಟಾಪಿನಲ್ಲಿ ಎತ್ತಿಟ್ಟೆ. ಬರೆಯುವ ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು ಕಂಪ್ಯೂಟರಿನ ಮುಂಭಾಗದ ಕಿಂಡಿಗೆ ಸಿಕ್ಕಿಸಿ, ಯಾವುದರಿಂದ ಏಳಬೇಕೆಂದು ಆರಿಸುವ ಬೂಟ್ ಮೆನು ತೆರೆದೆ. ಪೆನ್‌ಡ್ರೈವಿನ ಹೆಸರೇ ಇಲ್ಲ. ಪಕ್ಕದ ಕಿಂಡಿಗೆ ಹಾಕಿದೆ. ಅಲ್ಲೂ ಇಲ್ಲ. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಪೆನ್‌ಡ್ರೈವ್ ಸರಿಯಾಗಿಯೇ ಇತ್ತು.

ಒಡತಿಯ ಮುಖ ಸಣ್ಣದಾಯಿತು. "ಬಿಡಿ ಅಕ್ಕಾ, ಓಗಿರ್ಬೇಕು" ಎಂದಳು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ನಾನು ಬಿಡಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಕಿಂಡಿಯೊಳಗೆ ಬಗ್ಗಿ ನೋಡಿದೆ. ಒಳಗೆ ಒಣಗಿದ ಗಂಧ, ಅದರ ಮೇಲೆ ಕುಂಕುಮ.

"ಆಯುಧ ಪೂಜೆಗೆ ಗಂಧ ಎಲ್ಲಿಗೆ ಇಟ್ಟೆಯಮ್ಮ?"

"ಇಲ್ಲೇ ಅಕ್ಕಾ. ಎರಡು ಕಣ್ಣು ಇದ್ದಂಗೆ ಕಾಣ್ತು. ಒಂದಕ್ಕಿಟ್ಟು ಒಂದ್ ಬಿಟ್ರೆ ಚೆನ್ನಾಗಿರಲ್ಲ ಅಂತ ಎರಡಕ್ಕೂ ಇಟ್ಟೆ."

"ಬಿಟ್ರೆ ಬಾಯಿಗೆ ಬಾಳೆಹಣ್ಣೂ ತುರುಕ್ತಿದ್ಲು" ಎಂದರು ಅತ್ತೆ.

ಮೂವರೂ ನಕ್ಕೆವು. ನಾನು ಕಂಪ್ಯೂಟರಿನ ಡಬ್ಬಿಯನ್ನು ತಿರುಗಿಸಿ, ಹಿಂಭಾಗದ ಕಿಂಡಿಗೆ ಪೆನ್‌ಡ್ರೈವ್ ಹಾಕಿದೆ. ಈ ಸಲ ಮೆನುವಿನಲ್ಲಿ ಅದರ ಹೆಸರು ಕಾಣಿಸಿತು. ಸ್ವಲ್ಪ ಹೊತ್ತಿಗೆ ಪರದೆ ತಿಳಿನೀಲಿಯಾಯಿತು. ಹುಡುಕಿದೆ, 'ಅತ್ತೆ ಪದ' ಎಂಬ ಫೋಲ್ಡರ್ ಇದ್ದಲ್ಲೇ ಇತ್ತು. ಮೊದಲು ಎಲ್ಲವನ್ನೂ ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿ, ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ, ಆಮೇಲಷ್ಟೇ ಒಂದು ಹಾಡು ಹಾಕಿದೆ.

ತುಂಬು ದನಿ ನಡುಮನೆಯಲ್ಲಿ ತುಂಬಿಕೊಂಡಿತು. ಒಡತಿ ಕಣ್ಣೊರೆಸಿಕೊಂಡಳು. ಅತ್ತೆ ತುಟಿಯಾಡಿಸುತ್ತಾ ಕೇಳುತ್ತಿದ್ದವರು ಫಕ್ಕನೆ ಕೈಯೆತ್ತಿದರು.

"ನಿಲ್ಸು. ಎರಡ್ನೇ ನುಡಿ ತೆಪ್ಪಾಗೈತೆ. ಇದನ್ನ ಸೀಮಂತದಲ್ಲಿ ಆಕಂಗಿಲ್ಲ."

"ಮತ್ತೆ ಏನ್ ಮಾಡದು ಅತ್ತೆ?"

"ಏನ್ ಮಾಡದು! ನೀನು ಆಡು. ನಾನು ಏಳ್ಕೊಡ್ತೀನಿ."

ಒಡತಿ ನಾಚಿದಳು, ಕೆಮ್ಮಿದಳು, ನನ್ನ ಕಡೆ ನೋಡಿದಳು. ಆಮೇಲೆ ಶುರುಮಾಡಿದಳು. ಅತ್ತೆ ಪಿಸುಗುಟ್ಟಿದ ಸಾಲನ್ನು ಅವಳು ದನಿಯೆತ್ತಿ ಹೇಳುತ್ತಿದ್ದಳು. ಅತ್ತೆ ತೊಡೆ ತಟ್ಟಿ ತಿದ್ದುತ್ತಿದ್ದರು. ಶುಕ್ರವಾರಕ್ಕೆ ಐದು ದಿನವಿತ್ತು. ಅಷ್ಟು ಸಾಕು ಅನ್ನಿಸಿತು.

ಅವರ ಪಾಠ ಸಂಜೆಯವರೆಗೂ ನಡೆಯಿತು. ನಾನು ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಮುಂಭಾಗದ ಎರಡು ಕಿಂಡಿಗಳ ಗಂಧವನ್ನು ಒಣ ಬ್ರಷ್ಷಿನಿಂದ ಉದುರಿಸಿದೆ. ಆಮೇಲೆ ಡಬ್ಬಿಯ ನೆತ್ತಿಯ ಮೇಲೆ ಸೀಮೆಸುಣ್ಣದಿಂದ ಒಂದು ಗುಂಡನೆಯ ಗುರುತು ಹಾಕಿ, ಬರುವ ವರ್ಷ ಕುಂಕುಮ ಇಲ್ಲಿಗೆ ಎಂದು ಒಡತಿಗೆ ತೋರಿಸಿದೆ.