ಸರಪಳಿಯ ಸಪ್ಪಳ

ಈ ವಾರ ನೌಬಾದದ ನಮ್ಮ ಮನೆಯ ಎರಡು ಕೋಣೆಗಳ ನಡುವೆ ನಾನು ತಿರುಗಿದಷ್ಟು ಗಾಣದ ಎತ್ತೂ ತಿರುಗಿರಲಿಕ್ಕಿಲ್ಲ. ಒಂದರಲ್ಲಿ ಅವ್ವ ಮಲಗಿದ್ದಾಳೆ, ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಕೆಂಪು ಬೆಳಕಿನ ಕ್ಲಿಪ್ಪು. “ಅಂಕಿ ಇಳಿದ್ರ ತಡಾ ಮಾಡಬ್ಯಾಡ್ರಿ, ಜೀವದ ಮಾತದ” ಎಂದು ಭಾಲ್ಕಿಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಕ್ಲಿಪ್ಪಿನ ತಂತಿ ಮಂಚದ ಬದಿಯ ಹಳೇ ಲ್ಯಾಪ್‌ಟಾಪಿಗೆ. ಅಂಕಿ ಇಳಿದರೂ, ಕ್ಲಿಪ್ಪು ಕಳಚಿದರೂ ಅದು ನನ್ನ ಕೋಣೆಗೆ ಕೇಳುವಂತೆ ಕೂಗಬೇಕು.

ಅದರ ಡ್ರೈವರ್ ಬರೆದವಳು ನಾನೇ. ಬಸ್ಸಿನ ಡ್ರೈವರಲ್ಲರೀ! ಕರ್ನಲ್ ಎಂಬ ಕಂಪ್ಯೂಟರಿನ ಒಳಮನೆಯಲ್ಲಿ ಕೂತು ಕ್ಲಿಪ್ಪಿನ ಮಾತು ಕೇಳಿಸಿಕೊಳ್ಳುವ ಪುಟ್ಟ ಪ್ರೋಗ್ರಾಮು. ಕೂಗುವ ಪ್ರೋಗ್ರಾಮು ಪಡಸಾಲೆಯದು; ಒಳಗೆ ಕಾಲಿಡುವಂತಿಲ್ಲ, ಬಾಗಿಲಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಪರೀಕ್ಷೆಗೆಂದು ನನ್ನ ಬೆರಳಿಗೆ ಹಾಕಿ ಕಿತ್ತೆ. ಒಳಗೆ ಸುದ್ದಿ ಮುಟ್ಟಿತ್ತು, ಹೊರಗೆ ಸದ್ದಿಲ್ಲ. ಹಾಳಾದ್ದು! ನಿದ್ದೆಯೂ ಇಲ್ಲ, ಊಟವೂ ರುಚಿಸಲಿಲ್ಲ.

ಔರಾದಿನ ನಮ್ಮ ಹಳೇ ಮನೆಯೂ ಹೀಗೇ ಇತ್ತು ನೋಡಿ. ಸೊಸೆಯಾದವಳು ಮಾವನೆದುರು ಬರುವಂತಿಲ್ಲ, ಮಾತಾಡುವಂತಿಲ್ಲ. ಅವ್ವ ತಾಟು ಬಡಿಸಿ ಹೊಸ್ತಿಲ ಬಳಿ ಇಟ್ಟು, ಬಾಗಿಲ ಸರಪಳಿ ಅಲುಗಿಸಿ ಒಳಗೆ ಸರಿಯುತ್ತಿದ್ದಳು. ಬಾಗಿಲಿಗೆ ಬೆನ್ನು ಮಾಡಿ ಕೂತ ಮುತ್ಯಾ, ಅಂದರೆ ನನ್ನ ಅಜ್ಜ, ಆಗ ತಿರುಗುತ್ತಿದ್ದ. ಒಂದು ದಿನ ನಾನು ಸಾಲೆಯಿಂದ ಬಂದರೆ ಹೊಸ್ತಿಲಲ್ಲಿ ರೊಟ್ಟಿ ಸೆಟೆದು ನಿಂತಿದೆ, ಮುತ್ಯಾ ಹಸಿದು ಸಿಡಿಮಿಡಿಗುಟ್ಟುತ್ತಿದ್ದಾನೆ.

“ಮುತ್ಯಾ, ತಾಟು ಇಟ್ಟಾರಲ್ರಿ, ಯಾಕ ಉಂಡಿಲ್ಲ?”

“ಸರಪಳಿ ಸಪ್ಪಳಾನೇ ಆಗಿಲ್ಲಲ್ಲವಾ. ಬಡಿಸ್ಯಾರಂತ ನಾ ಹ್ಯಾಂಗ ತಿಳ್ಕೊಬೇಕು?”

ಅವ್ವ ತಾಟಿಟ್ಟವಳೇ ಸರಪಳಿ ಮರೆತು ಹಿತ್ತಲ ಗೋಡೆಯಾಚೆಯ ನೆರೆಮನೆ ಕಾಕೂ ಜೊತೆ ಮಾತಿಗೆ ಬಿದ್ದಿದ್ದಳು. ನಾವು ಎಷ್ಟೋ ವರ್ಷ ಇದನ್ನೇ ಹೇಳಿ ಅವಳನ್ನು ಕಾಡಿಸಿದೆವು.

ನೆನೆದು ಒಬ್ಬಳೇ ನಗುತ್ತಿದ್ದವಳು ತಟ್ಟನೆ ಎದ್ದು ಕೂತೆ. ನನ್ನ ಡ್ರೈವರು ಮಾಡಿದ್ದೂ ಇದನ್ನೇ. ಸುದ್ದಿಯನ್ನು ಬಾಗಿಲಲ್ಲಿಟ್ಟಿತ್ತು, ಪಡಸಾಲೆಯಲ್ಲಿ ಮಲಗಿದ್ದ ಪ್ರೋಗ್ರಾಮನ್ನು ಎಬ್ಬಿಸಿರಲಿಲ್ಲ. ಎಬ್ಬಿಸುವ ಒಂದು ಸಾಲು ಸೇರಿಸಿದೆ, ಅಷ್ಟೇ.

ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪು ಕೂಗಿತು. ಕುರ್ಚಿ ಉರುಳಿಸಿ ಓಡಿದೆ. ಅವ್ವ ದಿಂಬಿಗೊರಗಿ ಕೂತಿದ್ದಾಳೆ, ಕ್ಲಿಪ್ಪು ಕೈಯಲ್ಲಿದೆ.

“ಯವ್ವಾ, ಯಾಕ ತೆಗದಿ? ನನ್ನ ಜೀವಾನೇ ಹೋಗಿತ್ತು!”

“ಕೂಗಲಿಕ್ಕ ದಮ್ಮಿಲ್ಲವಾ. ಇದು ತೆಗದ್ರ ನೀ ಬರ್ತಿ ಅಂತ ತೆಗದೆ. ಮುಂಜಾನಿಂದ ತಿರುಗಲಿಕತ್ತಿ, ಉಂಡೀ ಏನು?”

ಲ್ಯಾಪ್‌ಟಾಪಿನ ಕೂಗು ನಿಲ್ಲಿಸಿದೆ. ತಾಟು ತಂದು ಮಂಚದ ಬದಿಗೇ ಕೂತೆ. ಕ್ಲಿಪ್ಪನ್ನು ಮತ್ತೆ ಸಿಕ್ಕಿಸಲು ಹೋದರೆ ಅವ್ವ ಕೈ ಸರಿಸಿದಳು.

“ಉಣ್ಣೋತನಕ ಇರ್ಲಿ ಬಿಡು. ನೀ ಇಲ್ಲೇ ಇದ್ದಿಯಲ್ಲ.”